ಗೆಳೆಯನ ಹತ್ತಿರ ಏನು ಮುಚ್ಚುಮರೆ?

ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಸ್ನೇಹಿತರು ಎಂದು ಕರೆದದ್ದು ಯಾವಾಗ, ಸ್ವಲ್ಪ ನೆನಪು ಮಾಡಿಕೊಳ್ಳಿ. ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಗಂಡಸರು ಹೊಟ್ಟೆ ತುಂಬ ಉಂಡ ದಿನ ಅಲ್ಲ. ಯೆರೂಸಲೇಮಿನ ಜನ ದಾರಿಗೆ ಬಟ್ಟೆ ಹಾಸಿ ಜಯಕಾರ ಹಾಕಿದ ದಿನವೂ ಅಲ್ಲ. ಅದು ಕೊನೆಯ ರಾತ್ರಿ. ಕಾಲು ತೊಳೆದದ್ದಾಗಿತ್ತು, ಊಟ ಆಗಿತ್ತು, ಅವರನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದ ಎದ್ದು ಕತ್ತಲೆಗೆ ಹೋಗಿಯಾಗಿತ್ತು. ಬೆಳಗಾಗುವುದರೊಳಗೆ ಪೇತ್ರ ‘ಆ ಮನುಷ್ಯ ಯಾರೋ ನನಗೆ ಗೊತ್ತಿಲ್ಲ’ ಎನ್ನುತ್ತಾನೆ, ಉಳಿದವರು ಸಿಕ್ಕ ದಾರಿ ಹಿಡಿದು ಓಡುತ್ತಾರೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅಂಥವರನ್ನು ಎದುರಿಗೆ ಕೂರಿಸಿಕೊಂಡು ‘ನೀವು ನನ್ನ ಸ್ನೇಹಿತರು’ ಅಂದರು.

ಇದು ಯೋಹಾನನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ. ಅಲ್ಲಿ ಅವರು ಒಂದು ಕಾರಣವನ್ನೂ ಕೊಡುತ್ತಾರೆ. ಯಜಮಾನ ಏನು ಮಾಡುತ್ತಾನೆ ಅನ್ನುವುದು ಆಳಿಗೆ ಗೊತ್ತಿರುವುದಿಲ್ಲ. ನಾನು ತಂದೆಯಿಂದ ಕೇಳಿದ್ದನ್ನೆಲ್ಲ ನಿಮಗೆ ಹೇಳಿದ್ದೇನೆ, ಅದಕ್ಕೇ ನೀವು ಸ್ನೇಹಿತರು. ಇದು ಆ ವಚನದ ಸಾರ. ನೀವು ಒಳ್ಳೆಯವರು ಅಂತ ಸ್ನೇಹಿತರು ಅನ್ನಲಿಲ್ಲ. ಇಷ್ಟು ದಿನ ನನ್ನ ಜೊತೆ ಅಲೆದಿರಿ ಅಂತಲೂ ಅನ್ನಲಿಲ್ಲ. ನಿಮ್ಮಿಂದ ಏನನ್ನೂ ಮುಚ್ಚಿಟ್ಟಿಲ್ಲ, ಅದಕ್ಕೆ ನೀವು ಸ್ನೇಹಿತರು. ಸ್ನೇಹ ಅಲ್ಲಿಂದ ಶುರುವಾಯಿತು, ಅವರ ಕಡೆಯಿಂದ. ನಮ್ಮ ಕಡೆಯಿಂದ ಅದಕ್ಕೆ ಉತ್ತರ ಏನು ಎಂಬುದೇ ಇವತ್ತಿನ ನನ್ನ ಮಾತು.

ನಮ್ಮಲ್ಲಿ ದೊಡ್ಡವರ ಸ್ನೇಹ ಅಂದರೆ ಬೇರೆಯೇ ಒಂದು ಅರ್ಥ ಬಂದುಬಿಟ್ಟಿದೆ. ತಾಲ್ಲೂಕು ಆಫೀಸಿನಲ್ಲಿ ಗುರುತಿನವರು ಒಬ್ಬರಿದ್ದರೆ ಫೈಲು ಬೇಗ ಮುಂದೆ ಹೋಗುತ್ತದೆ, ಅಲ್ವಾ? ದೇವರ ಸ್ನೇಹವನ್ನೂ ನಾವು ಹೀಗೆಯೇ ಲೆಕ್ಕ ಹಾಕುತ್ತೇವೆ. ‘ಅವರು ಪ್ರಾರ್ಥನೆ ಮಾಡಿದರೆ ದೇವರು ಕೇಳುತ್ತಾರೆ, ಅವರ ಹತ್ತಿರ ಹೋಗಿ’ ಅಂತ ಒಬ್ಬರಿಗೊಬ್ಬರು ವಿಳಾಸ ಕೊಡುತ್ತೇವೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದೇವರ ಸ್ನೇಹಿತ ಅನಿಸಿಕೊಂಡವರನ್ನು ನೋಡಿದರೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ. ಅವರಿಗೆ ಎಲ್ಲ ಕೆಲಸವೂ ಆಗಲಿಲ್ಲ. ಅವರಲ್ಲಿ ಒಬ್ಬನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅಬ್ರಹಾಮನನ್ನು ಸತ್ಯವೇದ ಮೂರು ಕಡೆ ದೇವರ ಸ್ನೇಹಿತ ಅನ್ನುತ್ತದೆ: ಎರಡನೆಯ ಪೂರ್ವಕಾಲವೃತ್ತಾಂತದಲ್ಲಿ, ಯೆಶಾಯನ ಗ್ರಂಥದಲ್ಲಿ, ಯಾಕೋಬನ ಪತ್ರಿಕೆಯಲ್ಲಿ. ನಮ್ಮ ಮುಸ್ಲಿಂ ನೆರೆಹೊರೆಯವರೂ ಇಬ್ರಾಹಿಮರನ್ನು ಹಾಗೆಯೇ ಕರೆಯುತ್ತಾರೆ. ಆದಿಕಾಂಡ 18ನೇ ಅಧ್ಯಾಯದಲ್ಲಿ ಆ ಸ್ನೇಹ ಹೇಗಿತ್ತು ಎಂದು ಕಣ್ಣಿಗೆ ಕಾಣುತ್ತದೆ. ಉರಿಬಿಸಿಲು. ಮುದುಕ ಡೇರೆಯ ಬಾಗಿಲಲ್ಲಿ ಕೂತಿದ್ದಾನೆ. ಮೂವರು ಬರುತ್ತಾರೆ. ಅವರು ಯಾರು ಎಂದು ಕೇಳುವುದಕ್ಕೂ ಮೊದಲೇ ಕಾಲಿಗೆ ನೀರು, ಮರದ ಕೆಳಗೆ ನೆರಳು, ‘ಸ್ವಲ್ಪ ರೊಟ್ಟಿ ತರುತ್ತೇನೆ’ ಅನ್ನುತ್ತಾನೆ. ಸ್ವಲ್ಪ ಅಂದವನು ಎಳೆಗರುವನ್ನೇ ಅಡಿಗೆ ಮಾಡಿಸಿ, ಬೆಣ್ಣೆ, ಹಾಲು ಎಲ್ಲ ತಂದಿಟ್ಟ. ನಮ್ಮ ಹಳ್ಳಿಗಳ ಅಜ್ಜಂದಿರೂ ಹೀಗೇ, ಅಲ್ವಾ? ‘ಒಂದು ತೊಟ್ಟು ಕಾಫಿ ಕುಡಿದು ಹೋಗಿ’ ಅಂತ ಕರೆದು ಊಟ ಹಾಕಿ ಕಳಿಸುತ್ತಾರೆ.

ಊಟ ಆದ ಮೇಲೆ ಅತಿಥಿಗಳು ಸೊದೋಮಿನ ಕಡೆ ಹೊರಡುತ್ತಾರೆ. ಅಬ್ರಹಾಮ ಕಳಿಸಿಕೊಡುವುದಕ್ಕೆ ಸ್ವಲ್ಪ ದೂರ ಜೊತೆಗೆ ನಡೆಯುತ್ತಾನೆ. ಆಗ ದೇವರು ತಮ್ಮೊಳಗೆ ಹೇಳಿಕೊಂಡ ಒಂದು ಮಾತು ಅಲ್ಲಿದೆ: ನಾನು ಮಾಡಲಿರುವುದನ್ನು ಅಬ್ರಹಾಮನಿಗೆ ಮರೆಮಾಡಲೋ? ನೋಡಿ, ಕೊನೆಯ ರಾತ್ರಿ ಯೇಸುಸ್ವಾಮಿ ಹೇಳಿದ್ದೂ ಇದನ್ನೇ. ಎರಡು ಕಡೆಯೂ ಸ್ನೇಹದ ಗುರುತು ಒಂದೇ. ಮರೆಮಾಡದಿರುವುದು.

ಸುದ್ದಿ ಒಳ್ಳೆಯದೇನಲ್ಲ. ಸೊದೋಮಿನ ಕೂಗು ದೇವರಿಗೆ ಮುಟ್ಟಿದೆ, ಊರು ನಾಶವಾಗಲಿದೆ. ಅಬ್ರಹಾಮ ಏನು ಮಾಡಬೇಕಿತ್ತು? ಆಳು ಆಗಿದ್ದರೆ ‘ನಿನ್ನ ಚಿತ್ತದಂತೆ ಆಗಲಿ’ ಎಂದು ಕೈಮುಗಿದು ಮನೆಗೆ ಬರುತ್ತಿದ್ದ. ಇವನು ಚೌಕಾಸಿಗೆ ನಿಂತ. ಊರಲ್ಲಿ ಐವತ್ತು ಮಂದಿ ನೀತಿವಂತರಿದ್ದರೆ? ಅವರನ್ನೂ ಕೆಟ್ಟವರ ಜೊತೆ ಕೊಲ್ಲುತ್ತೀಯಾ? ಲೋಕಕ್ಕೆಲ್ಲ ನ್ಯಾಯ ತೀರಿಸುವವನು ನೀನು, ನೀನೇ ನ್ಯಾಯ ತಪ್ಪಿದರೆ ಹೇಗೆ? ದೇವರು ‘ಐವತ್ತು ಇದ್ದರೆ ಬಿಡುತ್ತೇನೆ’ ಅಂದರು. ‘ನಾನು ಮಣ್ಣು, ಬೂದಿ, ಆದರೂ ಕೇಳುತ್ತೇನೆ, ಐದು ಕಡಿಮೆಯಾದರೆ?’ ನಲವತ್ತೈದಕ್ಕೂ ಒಪ್ಪಿದರು. ಆಮೇಲೆ ನಲವತ್ತು. ಮೂವತ್ತು. ಇಪ್ಪತ್ತು. ‘ಕೋಪ ಮಾಡಿಕೊಳ್ಳಬೇಡ, ಇದೊಂದೇ ಸಲ’ ಅಂತ ಕೊನೆಗೆ ಹತ್ತು.

ಸಂತೆಯಲ್ಲಿ ಸೌತೆಕಾಯಿ ಕೊಳ್ಳುವವರೂ ಇಷ್ಟು ಸಲ ಕೇಳುವುದಿಲ್ಲ. ಆರು ಸಲ ಕೇಳಿದ, ಆರು ಸಲವೂ ಹೂಂ ಎಂಬ ಉತ್ತರವೇ ಬಂತು. ದೇವರು ಒಮ್ಮೆಯೂ ‘ಸಾಕು, ಬಾಯಿ ಮುಚ್ಚು’ ಅನ್ನಲಿಲ್ಲ. ಕೇಳುವುದನ್ನು ನಿಲ್ಲಿಸಿದವನು ಅಬ್ರಹಾಮನೇ. ಹತ್ತರ ಹತ್ತಿರ ಬಂದು ಯಾಕೆ ನಿಲ್ಲಿಸಿದ ಎಂದು ಬಹಳ ಜನ ತಲೆ ಕೆಡಿಸಿಕೊಂಡಿದ್ದಾರೆ. ನನಗೆ ಅದಕ್ಕಿಂತ ಮುಂದಿನ ಅಧ್ಯಾಯ ಮುಖ್ಯ ಅನಿಸುತ್ತದೆ. ಊರು ಉಳಿಯಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅಬ್ರಹಾಮ ಎದ್ದು, ಹಿಂದಿನ ದಿನ ದೇವರ ಮುಂದೆ ನಿಂತಿದ್ದ ಅದೇ ಜಾಗಕ್ಕೆ ಹೋಗಿ ನೋಡಿದ. ಆವಿಗೆಯ ಹೊಗೆಯ ಹಾಗೆ ಹೊಗೆ ಏಳುತ್ತಿತ್ತು. ದೇವರು ಅಬ್ರಹಾಮನನ್ನು ನೆನಪಿಟ್ಟು, ಸೊದೋಮಿನಲ್ಲಿದ್ದ ಅವನ ಸಹೋದರನ ಮಗ ಲೋಟನನ್ನು ಪಾರುಮಾಡಿದರು ಎಂದು ಸತ್ಯವೇದ ಹೇಳುತ್ತದೆ. ಆದರೆ ಆ ಬೆಳಿಗ್ಗೆ ಹೊಗೆ ನೋಡುತ್ತ ನಿಂತವನಿಗೆ ಅದು ಗೊತ್ತಿತ್ತು ಎಂದು ಎಲ್ಲೂ ಬರೆದಿಲ್ಲ. ಕೇಳಿದ್ದು ಸಿಗದ ದಿನವೂ ಅವನು ಅದೇ ಜಾಗಕ್ಕೆ ಬಂದ. ಸ್ನೇಹ ಅಂದರೆ ಕೆಲಸ ಆಗುವುದು ಎನ್ನುವವರು ಈ ವಚನವನ್ನು ಏನು ಮಾಡುತ್ತಾರೋ ನನಗೆ ತಿಳಿಯದು.

ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಈಗ ಒಂದು ಆಕ್ಷೇಪ ಎದ್ದಿರುತ್ತದೆ. ದೇವರ ಮುಂದೆ ಭಯಭಕ್ತಿ ಇರಬೇಕು. ಗೆಳೆಯ, ದೋಸ್ತ್ ಅಂತೆಲ್ಲ ಅಂದರೆ ಸಲಿಗೆ ಜಾಸ್ತಿ ಆಗಲಿಲ್ಲವೇ? ಇದು ಹಳೆಯ ಪ್ರಶ್ನೆ. ಗ್ರೀಸಿನ ಅರಿಸ್ಟಾಟಲ್, ಕ್ರಿಸ್ತನಿಗಿಂತ ಮುನ್ನೂರಕ್ಕೂ ಹೆಚ್ಚು ವರ್ಷ ಮೊದಲು, ಇಬ್ಬರ ನಡುವೆ ಅಂತರ ತೀರಾ ದೊಡ್ಡದಾದರೆ ಸ್ನೇಹ ಉಳಿಯುವುದಿಲ್ಲ, ದೇವರ ವಿಷಯದಲ್ಲಿ ಹೀಗೆಯೇ ಆಗುತ್ತದೆ ಎಂದಿದ್ದ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅರಿಸ್ಟಾಟಲನನ್ನು ಗುರು ಎಂದೇ ಓದಿದವರು. ಈ ವಿಷಯದಲ್ಲಿ ಮಾತ್ರ ಗುರುವನ್ನು ಬಿಟ್ಟು ಯೋಹಾನನ ಅದೇ 15ನೇ ಅಧ್ಯಾಯವನ್ನು ಹಿಡಿದುಕೊಂಡು, ಕ್ರೈಸ್ತ ಪ್ರೀತಿ ಎಂದರೆ ದೇವರ ಜೊತೆಗಿನ ಸ್ನೇಹವೇ ಎಂದು ಬರೆದರು. ಅಂತರ ಇಲ್ಲ ಎಂದಲ್ಲ. ಆ ಅಂತರವನ್ನು ದೇವರೇ ದಾಟಿ ಬಂದರು ಎನ್ನುವುದೇ ಕ್ರಿಸ್ಮಸ್ ಅಲ್ವಾ?

ಭಯಕ್ಕೂ ಸ್ನೇಹಕ್ಕೂ ಜಗಳವೂ ಇಲ್ಲ. ತನಗೆ ಭಯಪಡುವವರಿಗೆ ದೇವರು ಆಪ್ತಮಿತ್ರನಂತೆ ಇರುತ್ತಾರೆ ಎಂಬ ಮಾತು 25ನೇ ಕೀರ್ತನೆಯಲ್ಲಿದೆ. ಎರಡೂ ಒಂದೇ ಸಾಲಿನಲ್ಲಿವೆ. ಇಸ್ರಾಯೇಲ್ ಜನರನ್ನು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಬಿಡಿಸಿ ಕರೆತಂದ ಮೋಶೆಯನ್ನೇ ತೆಗೆದುಕೊಳ್ಳಿ. ಉರಿಯುವ ಪೊದೆಯ ಮುಂದೆ ಮುಖ ಮುಚ್ಚಿಕೊಂಡವನು ಅವನು. ಆಮೇಲೆ, ಒಬ್ಬ ಮನುಷ್ಯ ತನ್ನ ಸ್ನೇಹಿತನ ಜೊತೆ ಮಾತಾಡುವ ಹಾಗೆ ದೇವರು ಅವನ ಜೊತೆ ಮುಖಾಮುಖಿ ಮಾತಾಡುತ್ತಿದ್ದರು ಎಂದು ವಿಮೋಚನಕಾಂಡ 33ರಲ್ಲಿ ಓದುತ್ತೇವೆ. ಏನು ಮಾತಾಡುತ್ತಿದ್ದ ಎಂದು ನೋಡಬೇಕಾದರೆ ಅರಣ್ಯಕಾಂಡ 11 ತೆರೆಯಿರಿ. ಅರಣ್ಯದಲ್ಲಿ ದೇವರು ಕೊಡುತ್ತಿದ್ದ ಮನ್ನ ಎಂಬ ಆಹಾರ ತಿಂದು ತಿಂದು ಜನಕ್ಕೆ ಬೇಜಾರಾಗಿದೆ. ಮಾಂಸ ಬೇಕು, ಐಗುಪ್ತದ ಮೀನು ಬೇಕು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಬೇಕು ಅಂತ ಡೇರೆ ಡೇರೆಯಲ್ಲೂ ಅಳು. ಮೋಶೆ ದೇವರ ಹತ್ತಿರ ಹೋಗಿ, ಇವರನ್ನೆಲ್ಲ ನಾನು ಹೆತ್ತೆನೋ, ಕೂಸು ಹೊತ್ತ ಹಾಗೆ ಹೊತ್ತುಕೊಂಡು ಹೋಗು ಅನ್ನುತ್ತೀಯಲ್ಲ, ಇದಕ್ಕಿಂತ ನನ್ನನ್ನು ಕೊಂದೇಬಿಡು ಎಂದ. ಮನೆಯಲ್ಲಿ ಬೇಸತ್ತ ತಾಯಿ ಆಡುವ ಮಾತೇ ಇದು. ದೇವರು ಕೋಪಿಸಿಕೊಂಡು ಅವನನ್ನು ತಳ್ಳಲಿಲ್ಲ. ಹೊರೆ ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರನ್ನು ಕೊಟ್ಟರು.

ಹರಿಕಥೆಯಲ್ಲಿ ಕುಚೇಲನ ಪ್ರಸಂಗ ಕೇಳಿದವರು ಇಲ್ಲಿ ಬಹಳ ಜನ ಇದ್ದೀರಿ. ಕುಚೇಲ ಅರಮನೆಗೆ ಹೋಗಿ, ತಂದಿದ್ದ ಹಿಡಿ ಅವಲಕ್ಕಿಯನ್ನು ನಾಚಿಕೆಯಿಂದ ಮುಚ್ಚಿಟ್ಟುಕೊಳ್ಳುತ್ತಾನೆ. ನಮ್ಮ ನಂಬಿಕೆಯ ಕಥೆ ಅದಲ್ಲ, ನಿಜ. ಆದರೆ ಆ ಮುಚ್ಚಿಟ್ಟುಕೊಳ್ಳುವುದು ಇದೆಯಲ್ಲ, ಅದು ನಮಗೆಲ್ಲ ಗೊತ್ತಿರುವುದೇ. ಪ್ರಾರ್ಥನೆಗೆ ಮೊಣಕಾಲೂರಿದ ಕೂಡಲೇ ನಾವು ಮಾಡುವುದು ಅದನ್ನೇ.

ನಮ್ಮ ಪ್ರಾರ್ಥನಾ ಕೂಟಗಳನ್ನೇ ನೋಡಿ. ಹೊರಗೆ ಬೆಂಚಿನ ಮೇಲೆ ಕೂತು ಮಗನ ಕುಡಿತದ ಬಗ್ಗೆ, ಸೊಸೆಯ ಮಾತಿನ ಬಗ್ಗೆ, ಸಾಲದ ಬಗ್ಗೆ ಎಷ್ಟು ಚೆನ್ನಾಗಿ, ಎಷ್ಟು ನೇರವಾಗಿ ಮಾತಾಡಿದವರು, ಒಳಗೆ ಬಂದು ಕಣ್ಣು ಮುಚ್ಚಿದ ಕೂಡಲೇ ಬೇರೆ ಮನುಷ್ಯರಾಗುತ್ತಾರೆ. ‘ಪರಲೋಕದ ತಂದೆಯೇ, ಮಹಾಕೃಪೆಯುಳ್ಳವನೇ, ಸರ್ವಶಕ್ತನೇ’ ಎಂದು ಐದು ನಿಮಿಷ ಬಿರುದುಗಳೇ ನಡೆಯುತ್ತವೆ. ಬಿರುದು ತಪ್ಪಲ್ಲ, ಸ್ತೋತ್ರ ಬೇಕೇ ಬೇಕು. ಆದರೆ ಹೊರಗೆ ಅಳುತ್ತಿದ್ದ ಆ ಅಕ್ಕ ಎಲ್ಲಿ ಹೋದರು? ಬೆಂಚಿನ ಮೇಲೆ ಆಡಿದ್ದೇ ನಿಜವಾದ ಪ್ರಾರ್ಥನೆ. ಒಳಗೆ ನಡೆದದ್ದು ಕಾರ್ಯಕ್ರಮ. ಸ್ವಲ್ಪ ಕಟುವಾಗಿ ಹೇಳಿದೆ, ಆದರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ಅದರಲ್ಲಿ ಸ್ತುತಿಗಿಂತ ಮೊರೆ, ದೂರು, ಅಳು ಇರುವವು ಎಷ್ಟೋ. ಎಲ್ಲರ ಮನೆಯ ಗೋಡೆಯ ಮೇಲೂ 23ನೇ ಕೀರ್ತನೆ ಇದೆ, ‘ಯೆಹೋವನು ನನಗೆ ಕುರುಬನು’. 88ನೇ ಕೀರ್ತನೆಯ ವಚನ ಹಾಕಿ ಕ್ಯಾಲೆಂಡರ್ ಮಾಡಿಸಿದ್ದನ್ನು ನಾನಂತೂ ಕಂಡಿಲ್ಲ. ಬೇರೆ ಎಷ್ಟೋ ಕೀರ್ತನೆಗಳು ಅಳುತ್ತ ಶುರುವಾಗಿ ಕೊನೆಗೆ ನಂಬಿಕೆಯ ಕಡೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ. ನನ್ನನ್ನು ಪಾತಾಳಕ್ಕೆ ತಳ್ಳಿದವನು ನೀನೇ, ನನ್ನ ಆಪ್ತರನ್ನು ದೂರ ಮಾಡಿದವನು ನೀನೇ ಎನ್ನುತ್ತ ಕತ್ತಲೆಯಲ್ಲೇ ನಿಂತುಬಿಡುತ್ತದೆ. ಹಿಂದಿನವರು ಇದನ್ನು ಪುಸ್ತಕದಿಂದ ತೆಗೆಯಲಿಲ್ಲ. ಕೊನೆಗೊಂದು ಹಲ್ಲೆಲೂಯ ಸೇರಿಸಿ ಸರಿಪಡಿಸಲೂ ಇಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಯಾರಿಗಾದರೂ ಸತ್ಯವೇದ ಓದಿ ಹೇಳುವುದಿದ್ದರೆ ಒಮ್ಮೆ ಇದನ್ನೂ ಓದಿ ನೋಡಿ. ಕೆಲವರಿಗೆ 23ಕ್ಕಿಂತ ಇದು ಹತ್ತಿರವಾಗುತ್ತದೆ. ತಮ್ಮ ಬಾಯಿಂದ ಬರಲಾರದ ಮಾತು ದೇವರ ಪುಸ್ತಕದಲ್ಲೇ ಇದೆಯಲ್ಲ ಎಂದು.

ಪ್ರವಾದಿ ಯೆರೆಮೀಯ ದೇವರಿಗೆ ‘ನೀನು ನನ್ನನ್ನು ಮೋಸಗೊಳಿಸಿದೆ, ನಾನು ಮೋಸಹೋದೆ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬ ಅಂತೂ ತನ್ನ ಹೆಸರಿನ ಪುಸ್ತಕದ 3ನೇ ಅಧ್ಯಾಯದಿಂದ ದೇವರನ್ನು ಕಟಕಟೆಗೆ ಎಳೆದ. ಅವನ ಸ್ನೇಹಿತರು ಮೂವರು, ಬಂದು ಏಳು ದಿನ ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ! ಬಾಯಿ ತೆರೆದ ಮೇಲೆ ದೇವರ ಪರವಾಗಿ ವಾದ ಮಾಡತೊಡಗಿದರು. ಕೊನೆಯಲ್ಲಿ ದೇವರು ಸಿಟ್ಟಾದದ್ದು ಯಾರ ಮೇಲೆ? ಈ ವಕೀಲರ ಮೇಲೆ. ನನ್ನ ಸೇವಕನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದರು. ಯೋಬನಿಗೂ ಬಿರುಗಾಳಿಯೊಳಗಿಂದ ಸಾಕಷ್ಟು ಬಿತ್ತು, ಅದು ಬೇರೆ. ಆದರೆ ದೇವರ ಬಗ್ಗೆ ಚೆಂದವಾಗಿ ಮಾತಾಡಿದವರಿಗಿಂತ ದೇವರ ಹತ್ತಿರ ಕೂಗಾಡಿದವನೇ ಹತ್ತಿರದವನಾದ.

ಈಗ ಬೇಥಾನ್ಯಕ್ಕೆ ಹೋಗೋಣ. ಯೆರೂಸಲೇಮಿನಿಂದ ಸುಮಾರು ಮೂರು ಕಿಲೋಮೀಟರು. ಮಾರ್ಥ, ಮರಿಯ, ಅವರ ತಮ್ಮ ಲಾಜರ. ತಮ್ಮನೋ ಅಣ್ಣನೋ ಸತ್ಯವೇದ ಹೇಳುವುದಿಲ್ಲ, ನಾವು ತಮ್ಮ ಎಂದೇ ರೂಢಿ ಮಾಡಿಕೊಂಡಿದ್ದೇವೆ. ಯೇಸುಸ್ವಾಮಿ ‘ನಮ್ಮ ಸ್ನೇಹಿತನಾದ ಲಾಜರ’ ಎಂದು ಹೆಸರು ಹಿಡಿದು ಹೇಳಿದ ಮನೆ ಇದು. ಲಾಜರ ಹಾಸಿಗೆ ಹಿಡಿದಾಗ ಅಕ್ಕಂದಿರು ಹೇಳಿ ಕಳಿಸಿದ್ದು ಒಂದೇ ಸಾಲು: ಸ್ವಾಮೀ, ನೀನು ಪ್ರೀತಿಸುವವನು ಅಸ್ವಸ್ಥನಾಗಿದ್ದಾನೆ. ಬಾ ಎಂದಿಲ್ಲ. ವಾಸಿ ಮಾಡು ಎಂದಿಲ್ಲ. ಎಷ್ಟು ದಿನ ಉಪವಾಸ ಮಾಡಿದ್ದೇವೆ ಎಂಬ ಲೆಕ್ಕವೂ ಇಲ್ಲ. ಇರುವ ವಿಷಯ ಹೇಳಿ ಸುಮ್ಮನಾದರು. ಸುವಾರ್ತೆಗಳಲ್ಲಿ ನನಗೆ ತುಂಬ ಹಿಡಿಸಿದ ಪ್ರಾರ್ಥನೆ ಇದು. ಸ್ನೇಹಿತನಿಗೆ ಸುದ್ದಿ ತಿಳಿದರೆ ಸಾಕು, ಏನು ಮಾಡಬೇಕು ಎಂದು ಅವನಿಗೆ ಪಾಠ ಹೇಳಬೇಕಾಗಿಲ್ಲ.

ಅವರು ಬರಲಿಲ್ಲ! ಸುದ್ದಿ ಮುಟ್ಟಿದ ಮೇಲೂ ಎರಡು ದಿನ ಇದ್ದ ಜಾಗದಲ್ಲೇ ಉಳಿದರು. ಬಂದಾಗ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನ. ಮಾರ್ಥ ಊರ ಹೊರಗೇ ಎದುರಾಗಿ, ‘ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಅಂದಳು. ಸ್ವಲ್ಪ ಹೊತ್ತಿಗೆ ಮರಿಯ ಬಂದು ಕಾಲಿಗೆ ಬಿದ್ದಳು, ಅವಳೂ ಅದನ್ನೇ ಅಂದಳು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂತು ಅಂದರೆ ಆ ನಾಲ್ಕು ದಿನ ಆ ಮನೆಯಲ್ಲಿ ಏನು ಮಾತು ನಡೆದಿರಬೇಕು, ಊಹಿಸಿ. ಸಾವಿನ ಮನೆಯಲ್ಲಿ ರಾತ್ರಿ ಇಡೀ ಅದನ್ನೇ ಆಡಿಕೊಂಡು ಅತ್ತಿರುತ್ತಾರೆ. ಯೇಸುಸ್ವಾಮಿ ಬಂದ ಮೇಲೆ ಅದನ್ನು ನುಂಗಿಕೊಳ್ಳಲಿಲ್ಲ. ಎದುರಿಗೇ ಅಂದರು.

ಅವರಿಗೆ ಸಿಕ್ಕ ಉತ್ತರ ಒಂದೇ ಆಗಿರಲಿಲ್ಲ ನೋಡಿ. ಮಾರ್ಥಳಿಗೆ ಮಾತು ಬೇಕಿತ್ತು. ಅವಳಿಗೆ ‘ನಾನೇ ಪುನರುತ್ಥಾನವೂ ಜೀವವೂ’ ಎಂಬ ದೊಡ್ಡ ಮಾತು ಸಿಕ್ಕಿತು. ಮರಿಯಳಿಗೆ ಮಾತು ಸಿಗಲಿಲ್ಲ. ಅವಳು ಅಳುವುದನ್ನು ನೋಡಿ ಯೇಸು ತಾವೂ ಅತ್ತರು. ಇನ್ನು ಸ್ವಲ್ಪ ಹೊತ್ತಿಗೆ ಸತ್ತವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದವರು, ‘ಅಳಬೇಡ, ಈಗ ನೋಡು’ ಅನ್ನಬಹುದಿತ್ತು. ಅನ್ನಲಿಲ್ಲ. ಸಾವಿನ ಮನೆಗೆ ಹೋಗಿ ‘ಎಲ್ಲ ದೇವರ ಚಿತ್ತ, ಅಳಬೇಡಿ’ ಎನ್ನುವ ನಾವು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಮಣ್ಣಾದ ಮಗುವಿನ ತಾಯಿಗೆ ನಾವು ಏನೇನೆಲ್ಲ ಹೇಳಿದ್ದೇವೆ!

ಕೋಪವನ್ನು, ದುಃಖವನ್ನು ದೇವರಿಗೆ ಹೇಳುವುದು ಒಂದು ಮಟ್ಟಿಗೆ ಸುಲಭ. ಕಷ್ಟ ಇರುವುದು ನಾಚಿಕೆಯಲ್ಲಿ. ‘ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆ ಮಾಡಲಿ’ ಅನ್ನುವ ಮಾತು ನಮ್ಮಲ್ಲಿ ಎಷ್ಟು ಸಾಮಾನ್ಯ. ಸ್ಪೇನ್ ದೇಶದ ಆವಿಲ ಎಂಬ ಊರಿನ ತೆರೇಸಾ ಬಗ್ಗೆ ಇಲ್ಲಿ ಹೇಳಬೇಕು. ಕಲ್ಕತ್ತದ ಮದರ್ ತೆರೇಸಾ ಅಲ್ಲ, ಅವರಿಗಿಂತ ನಾನೂರು ವರ್ಷ ಹಿಂದಿನವರು. ಹುಟ್ಟಿದ್ದು 1515, ತೀರಿಕೊಂಡದ್ದು 1582. ನಮ್ಮದು ಪ್ರೊಟೆಸ್ಟಂಟ್ ಪಂಗಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಅವರು ಕಥೋಲಿಕ ಸನ್ಯಾಸಿನಿ. ಪ್ರಾರ್ಥನೆ ಕಲಿಯುವುದಕ್ಕೆ ಆ ಗೋಡೆ ಬೇಕಾಗಿಲ್ಲ. ಅವರು ಸುಧಾರಿಸಿದ ಕಾರ್ಮೆಲ್ ಸಂಘದ ಸನ್ಯಾಸಿನಿಯರು 1870ರಲ್ಲಿ ನಮ್ಮ ಮಂಗಳೂರಿಗೂ ಬಂದರು. 1970ರಲ್ಲಿ ಪೋಪ್ ಆರನೇ ಪೌಲ್ ಅವರು ತೆರೇಸಾರನ್ನು ಇಡೀ ಧರ್ಮಸಭೆಗೆ ಬೋಧಕಿ ಎಂದು ಘೋಷಿಸಿದರು. ಆ ಗೌರವ ಸಿಕ್ಕ ಮೊದಲ ಹೆಂಗಸು.

ಇಂಥವರು ತಮ್ಮ ಜೀವನಚರಿತ್ರೆಯಲ್ಲಿ ಏನು ಬರೆದುಕೊಂಡಿದ್ದಾರೆ ಗೊತ್ತಾ? ಎಷ್ಟೋ ವರ್ಷ, ಪ್ರಾರ್ಥನೆಗೆ ಕೂತರೆ ಗಂಟೆ ಯಾವಾಗ ಮುಗಿಯುತ್ತದೋ ಎಂದು ಗಡಿಯಾರದ ಸದ್ದಿಗೆ ಕಿವಿಗೊಟ್ಟು ಕಾಯುತ್ತಿದ್ದರಂತೆ. ಹಿಂದಿನ ಬೆಂಚಿನ ತಮ್ಮಂದಿರಿಗೆ ಈಗ ಸ್ವಲ್ಪ ಧೈರ್ಯ ಬಂದಿರಬೇಕು! ಇನ್ನೂ ಮುಖ್ಯವಾದದ್ದು, ನನ್ನಂಥ ಅಯೋಗ್ಯಳು ದೇವರ ಜೊತೆ ಆಪ್ತವಾಗಿ ಮಾತಾಡುವುದೇ ಸೊಕ್ಕು ಅಂದುಕೊಂಡು ಒಂದು ವರ್ಷಕ್ಕೂ ಹೆಚ್ಚು ಕಾಲ ಒಳಗಿನ ಪ್ರಾರ್ಥನೆಯನ್ನೇ ಬಿಟ್ಟಿದ್ದರು. ಬಿಟ್ಟದ್ದು ವಿನಯ ಎಂದು ಆಗ ಅನಿಸಿತ್ತು. ಆಮೇಲೆ, ನಾನು ಬಿದ್ದ ದೊಡ್ಡ ಮೋಸ ಅದೇ ಎಂದು ಬರೆದರು. ಪ್ರಾರ್ಥನೆ ಅಂದರೆ ಬೇರೇನಲ್ಲ, ನಮ್ಮನ್ನು ಪ್ರೀತಿಸುತ್ತಾನೆ ಎಂದು ಗೊತ್ತಿರುವವನ ಜೊತೆ ಆಗಾಗ ಒಂಟಿಯಾಗಿ ಕೂತು ಸ್ನೇಹದಿಂದ ಮಾತಾಡುವುದು. ಇದು ಅವರು ಕೊಟ್ಟ ವಿವರಣೆ. ದೇವರ ಮೇಲಿನ ಸಿಟ್ಟಿನಿಂದ ಪ್ರಾರ್ಥನೆ ಬಿಟ್ಟವರಿಗಿಂತ ನಾಚಿಕೆಯಿಂದ ಬಿಟ್ಟವರೇ ನಮ್ಮಲ್ಲಿ ಜಾಸ್ತಿ ಎಂದು ನನ್ನ ಅಂದಾಜು.

ಪೇತ್ರನಿಗೂ ಆ ಮುಖ ಇರಲಿಲ್ಲ. ಮಹಾಯಾಜಕನ ಅಂಗಳದಲ್ಲಿ ಇದ್ದಲಿನ ಬೆಂಕಿ ಕಾಯಿಸಿಕೊಳ್ಳುತ್ತ ಮೂರು ಸಲ ಇಲ್ಲ ಎಂದಿದ್ದ. ಪುನರುತ್ಥಾನ ಆದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ ಯೇಸುಸ್ವಾಮಿ ಮತ್ತೆ ಇದ್ದಲಿನ ಬೆಂಕಿಯನ್ನೇ ಹೊತ್ತಿಸಿದ್ದರು, ಮೀನು ಸುಡಲು. ಬಲೆಗೆ 153 ಮೀನು ಬಿದ್ದಿದ್ದನ್ನು ಬೆಸ್ತರು ಎಣಿಸಿದ್ದರು. ಅಂಥ ಬೆಳಿಗ್ಗೆಯೂ ಎಣಿಸಿದರು ನೋಡಿ, ಬೆಸ್ತರು ಬೆಸ್ತರೇ. ಮೊದಲು ‘ಬನ್ನಿ, ಊಟ ಮಾಡಿ’ ಎಂದರು. ಊಟ ಆದ ಮೇಲೆ ಕೇಳಿದ್ದು ‘ನನ್ನನ್ನು ಪ್ರೀತಿಸುತ್ತೀಯೋ’ ಎಂದು, ಮೂರು ಸಲ. ಆ ರಾತ್ರಿಯ ಹೆಸರನ್ನೇ ಎತ್ತಲಿಲ್ಲ, ಆದರೆ ಮರೆತ ಹಾಗೆ ನಟಿಸಲೂ ಇಲ್ಲ. ಮೂರನೇ ಸಲ ಪೇತ್ರನಿಗೆ ನೋವಾಯಿತು. ‘ಸ್ವಾಮೀ, ನಿನಗೆ ಎಲ್ಲ ಗೊತ್ತು’ ಅಂದ. ಆ ಮಾತು ಬಾಯಿಂದ ಬಂದ ಮೇಲೆ ಮುಚ್ಚಿಡುವುದಕ್ಕೆ ಇನ್ನೇನು ಉಳಿಯಿತು?

ಸಮಯ ಎಲ್ಲಿದೆ ಎನ್ನುವವರಿಗೆ ಒಂದು ಮಾತು. ಪ್ರಾರ್ಥನೆಗೆ ಇಷ್ಟು ಗಂಟೆ ಕೊಡಿ ಎಂದು ಉಪನ್ಯಾಸ ಮಾಡುವವರು ಬಹುಮಟ್ಟಿಗೆ ಪಾತ್ರೆ ತೊಳೆಯದ ಗಂಡಸರು. ಹಾಗಾಗಿ ಪಾತ್ರೆ ತೊಳೆದವನೊಬ್ಬನ ಮಾತನ್ನೇ ಕೇಳೋಣ. ನಿಕೊಲಾ ಎರ್ಮನ್ ಎಂಬಾತ ಫ್ರೆಂಚ್ ಸೀಮೆಯ ಲೊರೇನಿನ ಬಡವ. ಸೈನಿಕನಾಗಿ ಗಾಯಗೊಂಡು ಕುಂಟುತ್ತಿದ್ದ. ಆಮೇಲೆ ಪ್ಯಾರಿಸ್ಸಿನ ಕಾರ್ಮೆಲ್ ಮಠಕ್ಕೆ ಸೇರಿ ಬ್ರದರ್ ಲಾರೆನ್ಸ್ ಆದ. ಪಾದ್ರಿ ಆಗುವಷ್ಟು ಓದಿರಲಿಲ್ಲ, ಅಡುಗೆಮನೆಗೆ ಹಾಕಿದರು. ಅಡುಗೆ ಎಂದರೆ ಅವನಿಗೆ ಆಗುತ್ತಲೇ ಇರಲಿಲ್ಲ. ಎಷ್ಟೋ ವರ್ಷ ಅಲ್ಲೇ ದುಡಿದ. ವಯಸ್ಸಾದ ಮೇಲೆ ಚಪ್ಪಲಿ ಹೊಲಿಯುವ ಕೆಲಸ ಕೊಟ್ಟರು. 1691ರಲ್ಲಿ ತೀರಿಕೊಂಡ. ಅವನ ಮಾತುಗಳನ್ನೂ ಪತ್ರಗಳನ್ನೂ ಆಮೇಲೆ ಬೇರೆಯವರು ಸೇರಿಸಿ ಪುಸ್ತಕ ಮಾಡಿದರು.

ಅವನು ಹೇಳುತ್ತಿದ್ದುದು ಇಷ್ಟು. ಕಾವಲಿಯ ಮೇಲೆ ಮೊಟ್ಟೆಯ ದೋಸೆ ತಿರುವಿಹಾಕುವುದನ್ನೂ ದೇವರ ಪ್ರೀತಿಗಾಗಿ ಮಾಡುತ್ತೇನೆ. ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಅಂತ ನನಗಿಲ್ಲ. ಓದಿದರೆ ಬಹಳ ಸುಲಭ ಅನಿಸುತ್ತದೆ. ಆದರೆ ಮೊದಲ ಹತ್ತು ವರ್ಷ ತುಂಬಾ ಒದ್ದಾಡಿದ್ದಾಗಿಯೂ ಅವನೇ ಬರೆದಿದ್ದಾನೆ. ಅದನ್ನು ಬಿಟ್ಟು ಬರೀ ದೋಸೆಯ ಮಾತನ್ನು ಹೇಳುತ್ತಾ ಹೋಗುವುದು ಸರಿಯಲ್ಲ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೊಂದು. ತಪ್ಪಿದಾಗ ಅವನು ಗೋಳಾಡುತ್ತಿರಲಿಲ್ಲ. ‘ನನ್ನಷ್ಟಕ್ಕೆ ಬಿಟ್ಟರೆ ನಾನು ಮಾಡುವುದೇ ಹೀಗೆ, ನೀನೇ ತಡೆಯಬೇಕು’ ಎಂದು ದೇವರಿಗೆ ಹೇಳಿ ಮತ್ತೆ ಕೆಲಸಕ್ಕೆ ತಿರುಗುತ್ತಿದ್ದ. ಮುಚ್ಚಿಡಲಿಲ್ಲ, ಉಬ್ಬಿಸಿ ಹೇಳಲೂ ಇಲ್ಲ.

ಚಿಕ್ಕ ಪ್ರಾರ್ಥನೆಗೆ, ಪರ್ಷಿಯದ ರಾಜನ ಪಾನಸೇವಕನಾಗಿದ್ದ ನೆಹೆಮೀಯನನ್ನೂ ನೆನಪಿಟ್ಟುಕೊಳ್ಳಿ. ರಾಜ ‘ನಿನಗೇನು ಬೇಕು’ ಎಂದು ಕೇಳಿದ. ಉತ್ತರ ಕೊಡುವ ಮುಂಚಿನ ಆ ಒಂದು ಉಸಿರಿನಲ್ಲಿ ನೆಹೆಮೀಯ ಪರಲೋಕದ ದೇವರಿಗೆ ಪ್ರಾರ್ಥಿಸಿ, ಆಮೇಲೆ ಬಾಯಿ ತೆರೆದ. ಬಸ್ಸಿನಲ್ಲಿ, ಇಂಟರ್‌ವ್ಯೂನಲ್ಲಿ, ಡಾಕ್ಟರರ ರೂಮಿನ ಹೊರಗೆ ಅಷ್ಟು ಸಾಕು.

‘ನಾವು ಹೇಳುವುದು ಸರಿ, ದೇವರು ಹೇಳುವುದು ಕೇಳುವುದು ಹೇಗೆ?’ ಎಂದು ಇಲ್ಲಿ ಯುವಕರೊಬ್ಬರು ಚೀಟಿ ಕಳಿಸಿದ್ದಾರೆ. ಈ ವಿಷಯದಲ್ಲಿ ನಾನು ಸ್ವಲ್ಪ ಹಳೆಯ ಕಾಲದವನು. ದಿನಕ್ಕೊಂದು ಸಲ ‘ದೇವರು ನನಗೆ ಹೀಗೆ ಹೇಳಿದರು’ ಎನ್ನುವವರನ್ನು ಕಂಡರೆ ನನಗೆ ಅನುಮಾನ. ಅದರಲ್ಲೂ ದೇವರು ಹೇಳಿದ್ದು ಅವರಿಗೆ ಮೊದಲೇ ಇಷ್ಟವಿದ್ದದ್ದೇ ಆಗಿದ್ದರೆ! ಯೇಸುಸ್ವಾಮಿ ತಂದೆಯಿಂದ ಕೇಳಿದ್ದನ್ನೆಲ್ಲ ಹೇಳಿದ್ದೇನೆ ಎಂದರಲ್ಲ, ಅದನ್ನು ನಾಲ್ಕು ಸುವಾರ್ತೆಗಳಲ್ಲಿ ಬರೆದಿಟ್ಟಿದ್ದಾರೆ. ಒಂದು ಸುವಾರ್ತೆಯನ್ನು ಮೊದಲಿಂದ ಕೊನೆಯವರೆಗೆ, ವಾಗ್ದಾನದ ವಚನ ಹುಡುಕದೆ, ಅವರು ಯಾರ ಜೊತೆ ಹೇಗೆ ಮಾತಾಡುತ್ತಾರೆ ಎಂದು ನೋಡುತ್ತ ಓದಿ. ಅವರ ಸ್ವಭಾವ ಗೊತ್ತಾಗುತ್ತದೆ. ಸ್ವಭಾವ ಗೊತ್ತಾದರೆ, ‘ಇದು ಅವರ ಮಾತಲ್ಲ’ ಎಂದು ಗುರುತಿಸುವುದಾದರೂ ಬರುತ್ತದೆ.

ಇನ್ನೊಂದೇ ವಿಷಯ ಹೇಳಿ ಮುಗಿಸುತ್ತೇನೆ. ಲೂಕ 11ರಲ್ಲಿ ಪ್ರಾರ್ಥನೆ ಕಲಿಸುತ್ತ ಯೇಸುಸ್ವಾಮಿ ಒಂದು ಸಾಮ್ಯ ಹೇಳುತ್ತಾರೆ. ನಡುರಾತ್ರಿ ಒಬ್ಬ ಗೆಳೆಯನ ಬಾಗಿಲು ಬಡಿದು ಮೂರು ರೊಟ್ಟಿ ಸಾಲ ಕೇಳುತ್ತಾನೆ. ಒಳಗಿನವನು ‘ತೊಂದರೆ ಕೊಡಬೇಡ, ಬಾಗಿಲು ಹಾಕಿಯಾಯಿತು, ಮಕ್ಕಳು ನನ್ನ ಜೊತೆ ಮಲಗಿದ್ದಾರೆ’ ಅನ್ನುತ್ತಾನೆ. ಒಂದೇ ಕೋಣೆಯ ಮನೆ. ಒಬ್ಬ ಎದ್ದರೆ ಎಲ್ಲರೂ ಎದ್ದ ಹಾಗೆ. ಆದರೂ ಇವನು ನಾಚಿಕೆ ಬಿಟ್ಟು ಬಡಿಯುತ್ತಾನೆ, ಅವನು ಎದ್ದು ಕೊಡುತ್ತಾನೆ. ಬಿಡದೆ ಕೇಳಬೇಕು ಎಂದು ನಾವೆಲ್ಲ ಇದರಿಂದ ಕಲಿತಿದ್ದೇವೆ, ಸರಿಯೇ. ಆದರೆ ಆ ರೊಟ್ಟಿ ಯಾರಿಗೆ? ಕೇಳಿದವನಿಗಲ್ಲ. ಪ್ರಯಾಣದಿಂದ ಹಸಿದು ಬಂದ ಮೂರನೆಯವನೊಬ್ಬ ಅವನ ಮನೆಯಲ್ಲಿ ಕೂತಿದ್ದಾನೆ, ಅವನಿಗೆ ಬಡಿಸುವುದಕ್ಕೆ ಏನೂ ಇಲ್ಲ. ಅಬ್ರಹಾಮನೂ ಆರು ಸಲ ಕೇಳಿದ್ದು ಬೇರೆಯವರಿಗಾಗಿ. ಮೋಶೆ ರೇಗಾಡಿದ್ದು ಅಷ್ಟು ಜನರನ್ನು ಹೊತ್ತು ಹೊತ್ತು ಸುಸ್ತಾಗಿ. ದೇವರ ಜೊತೆ ಸಲಿಗೆ ಬೆಳೆದವರ ಮನೆಗೆ ಹೀಗೆ ಅವೇಳೆಯಲ್ಲಿ ಯಾರಾದರೂ ಬರುತ್ತಲೇ ಇರುತ್ತಾರೆ. ಯೇಸುಸ್ವಾಮಿಯನ್ನೇ ಜನ ಸುಂಕದವರ, ಪಾಪಿಗಳ ಸ್ನೇಹಿತ ಎಂದು ಹೀಯಾಳಿಸಿದರು. ಅವರ ಸ್ನೇಹ ಬೇಕು, ಅವರ ಸ್ನೇಹಿತರು ಮಾತ್ರ ಬೇಡ ಎಂದರೆ ನಡೆಯುವುದಿಲ್ಲ.

ಮುಂದಿನ ಬುಧವಾರ ಬರುವ ಮುಂಚೆ ಮನೆಯಲ್ಲಿ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಚಿಕ್ಕದು, ‘ಎಷ್ಟರ ತನಕ’ ಎಂದು ನಾಲ್ಕು ಸಲ ಕೇಳುತ್ತದೆ. ಕುಟುಂಬ ಪ್ರಾರ್ಥನೆಯಲ್ಲಿ ಮಕ್ಕಳಿಂದಲೇ ಓದಿಸಿದರೂ ಆಯಿತು. ಹಾಗೆಯೇ ಪ್ರಾರ್ಥನೆಯ ವಿಷಯಗಳ ಚೀಟಿ ಹಾಕುವ ಡಬ್ಬಿ ಬಾಗಿಲ ಹತ್ತಿರ ಇದೆ. ಈ ವಾರ ಬೇಥಾನ್ಯದ ಅಕ್ಕಂದಿರ ಹಾಗೆ ಬರೆಯಿರಿ. ವಾಸಿಯಾಗಲಿ, ಕೆಲಸ ಸಿಗಲಿ ಎನ್ನುವುದನ್ನು ಬಿಟ್ಟು, ಮನೆಯಲ್ಲಿ ಏನಾಗಿದೆ ಎಂದಷ್ಟೇ ಒಂದು ಸಾಲು. ಹೆಸರು ಹಾಕಬೇಕಾಗಿಲ್ಲ.